ವರ್ಗಾವಣೆ ಸರ್ಕಾರದ್ದು, ಮನೆ ಮಾರುವ ಖರ್ಚು ಯಾರದ್ದು?

2025ರ ಜುಲೈ 24ರಂದು ಅಮೆರಿಕದ ಕೃಷಿ ಇಲಾಖೆ ತನ್ನ ನೌಕರರಿಗೆ ದೊಡ್ಡದೊಂದು ಸುದ್ದಿ ಕೊಟ್ಟಿತು. ರಾಜಧಾನಿ ವಾಷಿಂಗ್ಟನ್ ಸುತ್ತಮುತ್ತ ದುಡಿಯುತ್ತಿದ್ದ ಸುಮಾರು 4,600 ಮಂದಿಯಲ್ಲಿ ಅಲ್ಲೇ ಉಳಿಯುವವರು 2,000 ದಾಟುವಂತಿಲ್ಲ. ಮಿಕ್ಕವರನ್ನು ರಾಲಿ, ಕಾನ್ಸಾಸ್ ಸಿಟಿ, ಇಂಡಿಯಾನಾಪೊಲಿಸ್, ಫೋರ್ಟ್ ಕಾಲಿನ್ಸ್, ಸಾಲ್ಟ್ ಲೇಕ್ ಸಿಟಿ ಎಂಬ ಐದು ಊರುಗಳಿಗೆ ಹಂಚುವುದು ಇಲಾಖೆಯ ಯೋಜನೆ. ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಇದರ ರಾಜಕೀಯ. ಆದರೆ ಅಂದು ಸಂಜೆ ಆ ನೌಕರರ ಮನೆಗಳಲ್ಲಿ ಎದ್ದ ಮೊದಲ ಪ್ರಶ್ನೆ ಬೇರೆಯೇ ಇದ್ದಿರಬೇಕು: ಈ ಮನೆಯನ್ನು ಏನು ಮಾಡುವುದು?

ಅಮೆರಿಕದಲ್ಲಿ ಮನೆ ಮಾರುವುದು ಬಹಳ ದುಬಾರಿ ಕೆಲಸ. ನಮ್ಮಲ್ಲಿ ನಿವೇಶನವನ್ನೋ ಮನೆಯನ್ನೋ ಮಾರುವಾಗ ಬ್ರೋಕರಿಗೆ ಶೇ 1ರಿಂದ 2ರಷ್ಟು ಕೊಟ್ಟರೆ ಮಾರುವವರ ಕೈಯ ಖರ್ಚು ಹೆಚ್ಚುಕಡಿಮೆ ಮುಗಿಯಿತು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕೊಳ್ಳುವವರ ಪಾಲಿಗೆ ಬೀಳುತ್ತವೆ. ಅಲ್ಲಿ ಬ್ರೋಕರ್ ಕಮಿಷನ್ನೇ ಬಹುಕಾಲದಿಂದ ಶೇ 5ರಿಂದ 6ರಷ್ಟಿದೆ. ಕೊಳ್ಳುವವರ ಬ್ರೋಕರಿಗೆ ಸಲ್ಲುವ ಪಾಲೂ ಮಾರುವವರ ಹಣದಿಂದಲೇ ಹೋಗುತ್ತಿತ್ತು. ಇದರ ಮೇಲೆ ವಕೀಲರ ಶುಲ್ಕ, ಹಕ್ಕುಪತ್ರ ಶೋಧನೆ, ಕೆಲವು ರಾಜ್ಯಗಳಲ್ಲಿ ಹಸ್ತಾಂತರ ತೆರಿಗೆ. 4 ಲಕ್ಷ ಡಾಲರ್ ಬೆಲೆಯ ಸಾಧಾರಣ ಮನೆಗೆ ಶೇ 6ರ ಲೆಕ್ಕದಲ್ಲಿ ಕಮಿಷನ್ನೇ 24,000 ಡಾಲರ್. ಮಧ್ಯಮ ದರ್ಜೆಯ ಸರ್ಕಾರಿ ನೌಕರನಿಗೆ ಇದು ಹಲವು ತಿಂಗಳ ಸಂಬಳ. ತನಗೆ ಬೇಕೆಂದು ಊರು ಬಿಟ್ಟವನು ಈ ಹಣವನ್ನು ತಾನೇ ಭರಿಸಬೇಕು, ಅದರಲ್ಲಿ ತಕರಾರಿಲ್ಲ. ಸರ್ಕಾರವೇ ತನ್ನ ಕೆಲಸಕ್ಕಾಗಿ ಎಬ್ಬಿಸಿ ಕಳಿಸಿದಾಗ?

ಈ ಪ್ರಶ್ನೆಗೆ ಅಮೆರಿಕದ ಸಂಸತ್ತು 1966ರಲ್ಲಿ ಉತ್ತರ ಕೊಟ್ಟಿತು. ಅದಕ್ಕೂ ಮೊದಲು, 1946ರ ಆಡಳಿತ ವೆಚ್ಚಗಳ ಕಾಯ್ದೆಯ ಪ್ರಕಾರ, ವರ್ಗವಾದ ನೌಕರನಿಗೆ ಸಿಗುತ್ತಿದ್ದದ್ದು ಮುಖ್ಯವಾಗಿ ಪ್ರಯಾಣ ವೆಚ್ಚ ಮತ್ತು ಸಾಮಾನು ಸಾಗಿಸುವ ವೆಚ್ಚ. ಎರಡನೇ ಮಹಾಯುದ್ಧದ ನಂತರದ 20 ವರ್ಷಗಳಲ್ಲಿ ಅಲ್ಲಿನ ಮಧ್ಯಮ ವರ್ಗ ಬಾಡಿಗೆ ಮನೆ ಬಿಟ್ಟು ಸಾಲದ ಮನೆಗೆ ಬಂದಿತ್ತು. ಹಾಗೆ ಬಂದವರನ್ನು ಊರಿಂದೂರಿಗೆ ಕಳಿಸಿದಾಗ ಲಾರಿ ಬಾಡಿಗೆಯಷ್ಟೇ ಕೊಟ್ಟರೆ ಸಾಲದು ಎಂಬುದು ಸ್ಪಷ್ಟವಾಗುತ್ತ ಬಂತು. 1966ರ ಜುಲೈ 21ರ ಕಾನೂನು ಮನೆ ಮಾರುವ, ಹೊಸ ಊರಲ್ಲಿ ಮನೆ ಕೊಳ್ಳುವ ವೆಚ್ಚಗಳನ್ನೂ ಮರುಪಾವತಿಯ ಪಟ್ಟಿಗೆ ಸೇರಿಸಿತು. ಅದರ ವಿವರಗಳನ್ನು ಇಂದು ಜನರಲ್ ಸರ್ವೀಸಸ್ ಅಡ್ಮಿನಿಸ್ಟ್ರೇಷನ್ ಎಂಬ ಸಂಸ್ಥೆ ಹೊರಡಿಸುವ ಫೆಡರಲ್ ಪ್ರಯಾಣ ನಿಯಮಾವಳಿಯ 302ನೇ ಅಧ್ಯಾಯದ 11ನೇ ಭಾಗದಲ್ಲಿ ಕಾಣಬಹುದು.

ಮೂಲ ಲೆಕ್ಕ ಸರಳ. ಹಳೆಯ ಮನೆ ಮಾರಿದ ಖರ್ಚಿಗೆ ಮಾರಾಟ ಬೆಲೆಯ ಶೇ 10ರವರೆಗೆ, ಹೊಸ ಮನೆ ಕೊಂಡ ಖರ್ಚಿಗೆ ಖರೀದಿ ಬೆಲೆಯ ಶೇ 5ರವರೆಗೆ ಸರ್ಕಾರ ಕೊಡುತ್ತದೆ. ಇದು ಮಿತಿ, ಮಂಜೂರಾದ ಮೊತ್ತವಲ್ಲ. ನಿಜವಾಗಿ ಖರ್ಚಾದದ್ದಕ್ಕೆ, ರಸೀದಿ ಇದ್ದರೆ, ಆ ಊರಲ್ಲಿ ಸಾಮಾನ್ಯವಾಗಿ ನಡೆಯುವ ದರದೊಳಗಿದ್ದರೆ ಮಾತ್ರ ಹಣ. ಬ್ರೋಕರ್ ಇಲ್ಲದೆ ತಾನೇ ಮನೆ ಮಾರಿಕೊಂಡವನಿಗೆ ಜಾಹೀರಾತಿನ ಖರ್ಚು ಸಿಗುತ್ತದೆ, ಕೊಡದ ಕಮಿಷನ್ ಸಿಗುವುದಿಲ್ಲ. ಬಾಡಿಗೆ ಮನೆಯಲ್ಲಿದ್ದವರನ್ನೂ ನಿಯಮ ಮರೆತಿಲ್ಲ: ಕರಾರಿನ ಅವಧಿ ಮುಗಿಯುವ ಮೊದಲೇ ಮನೆ ಬಿಟ್ಟದ್ದಕ್ಕೆ ಮಾಲೀಕರಿಗೆ ಕಟ್ಟಬೇಕಾದ ಹಣವನ್ನು ಸರ್ಕಾರ ತುಂಬಿಕೊಡುತ್ತದೆ.

ಯಾವುದಕ್ಕೆ ಕೊಡುತ್ತದೆ, ಯಾವುದಕ್ಕೆ ಇಲ್ಲ ಎಂದು ನೋಡಿದರೆ ಈ ನಿಯಮದ ಹಿಂದಿನ ಯೋಚನೆ ಗೊತ್ತಾಗುತ್ತದೆ. ಮಾರುವವರ ಬ್ರೋಕರ್ ಕಮಿಷನ್, ಮೌಲ್ಯಮಾಪಕರ ಶುಲ್ಕ, ಹಕ್ಕುಪತ್ರ ಶೋಧನೆ, ಕ್ರಯಪತ್ರ ಬರೆಸಿದ್ದು, ನೋಂದಣಿ, ಸರ್ವೆ, ಹಸ್ತಾಂತರ ತೆರಿಗೆ, ಹಳೆಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದ್ದಕ್ಕೆ ಬ್ಯಾಂಕು ಹಾಕುವ ದಂಡ, ಹೊಸ ಸಾಲಕ್ಕೆ ಬ್ಯಾಂಕು ಹಿಡಿಯುವ ಶೇ 1ರಷ್ಟು ಶುಲ್ಕ — ಇವೆಲ್ಲ ಸಿಗುತ್ತವೆ. ಸಾಲದ ಬಡ್ಡಿ ಸಿಗುವುದಿಲ್ಲ. ಬಡ್ಡಿದರ ಇಳಿಸಿಕೊಳ್ಳಲು ಬ್ಯಾಂಕಿಗೆ ಮುಂಗಡವಾಗಿ ಕಟ್ಟುವ ಪಾಯಿಂಟ್ಸ್ ಸಿಗುವುದಿಲ್ಲ. ಮನೆ ಖಾಲಿ ಬಿದ್ದ ತಿಂಗಳುಗಳ ಆಸ್ತಿ ತೆರಿಗೆ, ಸುಣ್ಣಬಣ್ಣ, ರಿಪೇರಿ ಸಿಗುವುದಿಲ್ಲ. ಮಾರುಕಟ್ಟೆ ಬಿದ್ದು ಮನೆ ಕಡಿಮೆ ಬೆಲೆಗೆ ಹೋದರೆ ಆ ನಷ್ಟವಂತೂ ಸಿಗುವುದೇ ಇಲ್ಲ. ಅಂದರೆ ಸರ್ಕಾರ ಒಪ್ಪಿಕೊಂಡಿರುವುದು ಕೈ ಬದಲಾವಣೆಯ ಖರ್ಚನ್ನು ಮಾತ್ರ. ಮನೆಯ ಮೌಲ್ಯಕ್ಕೂ ಸಾಲಕ್ಕೂ ಸಂಬಂಧಿಸಿದ ಏರಿಳಿತ ನೌಕರನದ್ದೇ.

ನಮ್ಮಲ್ಲಿ ಸರ್ಕಾರಿ ನೌಕರಿಯ ಪರಿಚಯ ಇರುವವರಿಗೆ ಇದು ಬೇರೊಂದು ಲೋಕದ ಮಾತು ಅನ್ನಿಸಬಹುದು. ಭಾರತದ ಕೇಂದ್ರ ಸರ್ಕಾರಿ ನೌಕರನಿಗೆ ವರ್ಗಾವಣೆಯಾದಾಗ, ಏಳನೇ ವೇತನ ಆಯೋಗದ ನಂತರ 2017ರಲ್ಲಿ ಬಂದ ಆದೇಶದಂತೆ, ಮೂಲವೇತನದ ಶೇ 80ರಷ್ಟು ವರ್ಗಾವಣೆ ಅನುದಾನ ಸಿಗುತ್ತದೆ. 35,400 ರೂಪಾಯಿ ಮೂಲವೇತನದವರಿಗೆ ಅದು 28,320 ರೂಪಾಯಿ. ಜೊತೆಗೆ ಕುಟುಂಬದ ಪ್ರಯಾಣ ಮತ್ತು ಸಾಮಾನು ಸಾಗಣೆಗೆ ದರ್ಜೆವಾರು ನಿಗದಿಯಾದ ಹಣ. ಮನೆ ಮಾರುವ ಮಾತೇ ಇಲ್ಲ. ನಮ್ಮ ವ್ಯವಸ್ಥೆ ನಿಂತಿರುವುದು ಕ್ವಾರ್ಟರ್ಸ್ ಮತ್ತು ಮನೆ ಬಾಡಿಗೆ ಭತ್ಯೆಯ ಮೇಲೆ. ಮೈಸೂರಿನಲ್ಲಿ ಮನೆ ಕಟ್ಟಿಸಿಕೊಂಡ ನೌಕರ ನಾಗಪುರಕ್ಕೆ ವರ್ಗವಾದರೆ ಮನೆಯನ್ನು ಬಾಡಿಗೆಗೆ ಕೊಟ್ಟೋ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟೋ ಹೋಗುತ್ತಾನೆ. ನಿವೃತ್ತಿಯ ನಂತರ ತಿರುಗಿ ಬರುವ ಮನೆ ಅದು. ಮಾರಿ ಹೋಗುವುದು ಯಾರ ತಲೆಗೂ ಬರುವುದಿಲ್ಲ.

ಅಮೆರಿಕದ ನೌಕರನಿಗೆ ಆ ಅನುಕೂಲ ಕಡಿಮೆ. ಹೊಸ ಊರಿನ ಮನೆಗೆ ಮುಂಗಡ ಕಟ್ಟಬೇಕಾದರೆ ಹಳೆಯ ಮನೆಯಲ್ಲಿ ಕೂಡಿಬಿದ್ದ ಹಣ ಹೊರಬರಲೇಬೇಕು. ಎರಡು ಗೃಹಸಾಲಗಳನ್ನು ಒಟ್ಟಿಗೆ ಹೊರುವ ಶಕ್ತಿ ಹೆಚ್ಚಿನವರಿಗಿಲ್ಲ. ಮಾರುವ ಬದಲು ಬಾಡಿಗೆಗೆ ಕೊಡಲು ಒಪ್ಪಿದರೆ ಮನೆ ನೋಡಿಕೊಳ್ಳುವ ಸಂಸ್ಥೆಯ ಶುಲ್ಕವನ್ನು ಇಲಾಖೆ ಭರಿಸಬಹುದು ಎಂಬ ಅವಕಾಶ ನಿಯಮದಲ್ಲಿದೆ. ಕೊಡುವುದು ಬಿಡುವುದು ಇಲಾಖೆಯ ಇಷ್ಟ. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಪೌರತ್ವ ಪಡೆದು ಫೆಡರಲ್ ಕಚೇರಿಗಳಲ್ಲಿ, ಸಂಶೋಧನಾಲಯಗಳಲ್ಲಿ, ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿದ್ದಾರೆ. ಅವರ ಮಟ್ಟಿಗೆ ಇದು ದೂರದ ವಿಷಯವಲ್ಲ.

ಈಗ ಷರತ್ತುಗಳಿಗೆ ಬರೋಣ. ವರ್ಗಾವಣೆ ಸರ್ಕಾರದ ಹಿತಕ್ಕಾಗಿ ಆಗಿರಬೇಕು. ನೌಕರನೇ ಕೇಳಿಕೊಂಡು ಹೋಗಿದ್ದರೆ ಇಲ್ಲ. ಹೊಸ ಕಚೇರಿ ಹಳೆಯ ಮನೆಯಿಂದ, ಹಳೆಯ ಕಚೇರಿಗಿದ್ದ ದೂರಕ್ಕಿಂತ ಕನಿಷ್ಠ 50 ಮೈಲಿ ಹೆಚ್ಚು ದೂರವಿರಬೇಕು. ಮಾರುವ ಮನೆ, ವರ್ಗಾವಣೆಯ ಸೂಚನೆ ಬಂದ ದಿನ ಅವನು ನಿಜವಾಗಿ ವಾಸವಿದ್ದು ದಿನವೂ ಕೆಲಸಕ್ಕೆ ಹೋಗಿಬರುತ್ತಿದ್ದ ಮನೆಯೇ ಆಗಿರಬೇಕು. ಕ್ರಯಪತ್ರದಲ್ಲಿ ಅವನ ಅಥವಾ ಅವನ ಮನೆಯವರ ಹೆಸರಿರಬೇಕು. ಮನೆಯವರಲ್ಲದ ಪಾಲುದಾರರಿದ್ದರೆ ಅವನ ಪಾಲಿನಷ್ಟು ಮಾತ್ರ ಹಣ. ಎರಡು ಸಂಸಾರಗಳ ಮನೆಯಾಗಿದ್ದು ಒಂದನ್ನು ಬಾಡಿಗೆಗೆ ಕೊಟ್ಟಿದ್ದರೆ ಮತ್ತೆ ಅಷ್ಟಕ್ಕೆ ಕಡಿತ. ಹೊಸ ಜಾಗದಲ್ಲಿ ಹಾಜರಾದ ದಿನದಿಂದ ಒಂದು ವರ್ಷದೊಳಗೆ ಮಾರಾಟ, ಖರೀದಿ ಎರಡೂ ಮುಗಿಯಬೇಕು. ಇಲಾಖೆ ಮನಸ್ಸು ಮಾಡಿದರೆ ಇನ್ನೊಂದು ವರ್ಷ. ವರ್ಗವಾದ ಮೇಲೆ 12 ತಿಂಗಳು ಸರ್ಕಾರಿ ಸೇವೆಯಲ್ಲಿ ಇರುತ್ತೇನೆಂದು ಬರೆದುಕೊಡಬೇಕು. ಮಧ್ಯೆ ತಾನಾಗಿ ಬಿಟ್ಟರೆ ಪಡೆದ ಹಣ ಸಾಲವಾಗಿ ಕುತ್ತಿಗೆಗೆ ಬೀಳುತ್ತದೆ.

ಇವುಗಳಲ್ಲಿ ಹೆಚ್ಚಿನವು ನ್ಯಾಯವಾದವು ಎಂದೇ ನನ್ನ ಅಭಿಪ್ರಾಯ. ಸಾರ್ವಜನಿಕರ ತೆರಿಗೆ ಹಣವನ್ನು ಒಬ್ಬನ ಖಾಸಗಿ ಆಸ್ತಿಯ ವ್ಯವಹಾರಕ್ಕೆ ಕೊಡುವಾಗ ಕೈ ಬಿಗಿಯಾಗಿರಲೇಬೇಕು. ನನ್ನನ್ನು ಕಾಡುವುದು ಇನ್ನೊಂದು ಸಂಗತಿ, ತಪ್ಪು ಮಾಹಿತಿಯ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದು.

ಇಲಾಖೆ ಬಿಲ್ಲನ್ನು ತಿರಸ್ಕರಿಸಿದರೆ ನೌಕರ ಸಿವಿಲಿಯನ್ ಬೋರ್ಡ್ ಆಫ್ ಕಾಂಟ್ರ್ಯಾಕ್ಟ್ ಅಪೀಲ್ಸ್ ಎಂಬ ಮಂಡಳಿಯ ಮುಂದೆ ಹೋಗಬಹುದು. 1996ರವರೆಗೆ ಇಂಥ ತಕರಾರುಗಳನ್ನು ತೀರ್ಮಾನಿಸುತ್ತಿದ್ದವರು ಅಲ್ಲಿನ ಮಹಾಲೆಕ್ಕಪಾಲರು. 2007ರಿಂದ ಈ ಮಂಡಳಿಯದು ಆ ಕೆಲಸ. ಅದರ ತೀರ್ಪುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸನ್ನಿವೇಶವೊಂದಿದೆ. ಸಿಬ್ಬಂದಿ ವಿಭಾಗದ ಅಧಿಕಾರಿ ನಿಮಗೆ ಈ ಹಣ ಬರುತ್ತದೆ ಎಂದು ಹೇಳಿರುತ್ತಾರೆ, ಕೆಲವೊಮ್ಮೆ ಆದೇಶದಲ್ಲೇ ಬರೆದುಕೊಟ್ಟಿರುತ್ತಾರೆ. ಅದನ್ನು ನಂಬಿ ನೌಕರ ಮನೆ ಮಾರುತ್ತಾನೆ. ಆಮೇಲೆ ಲೆಕ್ಕಪತ್ರ ನೋಡುವವರು ನಿಯಮ ಹೀಗಿಲ್ಲ ಎನ್ನುತ್ತಾರೆ. ಮಂಡಳಿ ಸಹಾನುಭೂತಿ ತೋರಿಸಿದರೂ ಇಲಾಖೆಯ ಪರವೇ ತೀರ್ಪು ಕೊಡುತ್ತದೆ, ಏಕೆಂದರೆ ಕಾನೂನು ಅನುಮತಿಸದ ಹಣವನ್ನು ಅಧಿಕಾರಿಯ ತಪ್ಪು ಮಾತಿನ ಆಧಾರದ ಮೇಲೆ ಖಜಾನೆಯಿಂದ ಕೊಡಲಾಗದು ಎಂಬುದು ಅಮೆರಿಕದ ಸುಪ್ರೀಂ ಕೋರ್ಟ್ 1947ರಲ್ಲೂ 1990ರಲ್ಲೂ ಎತ್ತಿಹಿಡಿದ ತತ್ವ. ತತ್ವ ಸರಿಯಾಗಿಯೇ ಇದೆ, ಇಲ್ಲವಾದರೆ ಪ್ರತಿ ಗುಮಾಸ್ತನೂ ಶಾಸನ ಮಾಡಬಹುದಿತ್ತು. ಆದರೆ ನೂರಾರು ಪುಟಗಳ ನಿಯಮಾವಳಿಯನ್ನು ಓದಿ ಅರ್ಥ ಮಾಡಿಕೊಳ್ಳಲು ಸಂಬಳ ಪಡೆಯುವವನು ಎಡವಿದಾಗ, ಅವನನ್ನು ನಂಬಿದವನು ಸಾವಿರಾರು ಡಾಲರ್ ಕಳೆದುಕೊಳ್ಳುವುದು ಅನ್ಯಾಯ. ಸದ್ಭಾವನೆಯಿಂದ ನಂಬಿ ನಡೆದವರಿಗೆ ಒಂದು ಮಿತಿಯೊಳಗೆ ನಷ್ಟ ತುಂಬಿಕೊಡುವ ಅಧಿಕಾರವನ್ನು ಸಂಸತ್ತು ಮಂಡಳಿಗೆ ಕೊಟ್ಟರೆ ಖಜಾನೆ ಮುಳುಗುವುದಿಲ್ಲ.

ಮನೆ ಮಾರಾಟದಲ್ಲಿ ಇನ್ನೊಂದು ದಾರಿಯೂ ಇದೆ. ನೌಕರ ತಾನೇ ಮಾರಿ ಬಿಲ್ಲು ಹಾಕುವ ಬದಲು, ಸರ್ಕಾರದ ಗುತ್ತಿಗೆ ಪಡೆದ ಸ್ಥಳಾಂತರ ಕಂಪನಿಯೇ ಮೌಲ್ಯಮಾಪನ ಮಾಡಿಸಿ ಮನೆಯನ್ನು ಕೊಂಡುಬಿಡುತ್ತದೆ. ಮುಂದೆ ಮಾರುವ ತಲೆನೋವು ಕಂಪನಿಯದು, ಕಂಪನಿಗೆ ಶುಲ್ಕ ಕೊಡುವುದು ಸರ್ಕಾರ. ನೌಕರನಿಗೆ ಇದರಷ್ಟು ನೆಮ್ಮದಿ ಇನ್ನೊಂದಿಲ್ಲ. ಖಜಾನೆಗೆ ಮಾತ್ರ ಇದು ನೇರ ಮರುಪಾವತಿಗಿಂತ ಬಹಳ ಭಾರ. ಅದಕ್ಕೇ ಕಂಪನಿಯ ಕೊಡುಗೆಗೆ ಕಾಯದೆ ತಾನೇ ಗಿರಾಕಿ ಹುಡುಕಿ ತಂದ ನೌಕರನಿಗೆ ಪ್ರೋತ್ಸಾಹಧನ ಕೊಡಲು ನಿಯಮ ಅವಕಾಶ ಮಾಡಿದೆ: ಕಂಪನಿ ಮನೆಗೆ ಕೊಟ್ಟ ಬೆಲೆಯ ಶೇ 5 ಅಥವಾ ಇಲಾಖೆಗೆ ಉಳಿದ ಹಣ, ಎರಡರಲ್ಲಿ ಯಾವುದು ಕಡಿಮೆಯೋ ಅದು ಗರಿಷ್ಠ.

ಈ ಯೋಜನೆಗೆ ಕೆಟ್ಟ ಹೆಸರು ಬಂದದ್ದು 2015ರಲ್ಲಿ. ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ ಮಹಾ ಪರಿವೀಕ್ಷಕರು ಆ ಸೆಪ್ಟೆಂಬರಿನಲ್ಲಿ ಒಂದು ವರದಿ ಕೊಟ್ಟರು. ಇಬ್ಬರು ಹಿರಿಯ ಅಧಿಕಾರಿಗಳು, ಒಬ್ಬರು ವಾಷಿಂಗ್ಟನ್‌ನಿಂದ ಫಿಲಡೆಲ್ಫಿಯಾಗೆ, ಇನ್ನೊಬ್ಬರು ಬಾಲ್ಟಿಮೋರ್ ಕಡೆಯಿಂದ ಸೇಂಟ್ ಪಾಲ್‌ಗೆ ಹೋದ ವರ್ಗಾವಣೆಗಳಿಗೆ ಸರ್ಕಾರ ಸುಮಾರು 2.74 ಲಕ್ಷ ಮತ್ತು 1.29 ಲಕ್ಷ ಡಾಲರ್ ವೆಚ್ಚ ಮಾಡಿತ್ತು. ವಾಷಿಂಗ್ಟನ್‌ನಿಂದ ಫಿಲಡೆಲ್ಫಿಯಾ ರೈಲಿನಲ್ಲಿ ಎರಡು ಗಂಟೆಯ ದಾರಿ. ಜನ ಕೆರಳಿದ್ದು ಸಹಜ. ತಮ್ಮ ಸ್ಥಾನವನ್ನು ಬಳಸಿ ಆ ಹುದ್ದೆಗಳನ್ನು ತೆರವು ಮಾಡಿಸಿಕೊಂಡರು ಎಂಬುದು ವರದಿಯ ಆರೋಪವಾಗಿತ್ತು. ಅವರನ್ನು ಕೆಳ ಹುದ್ದೆಗೆ ಇಳಿಸಿದ ಕ್ರಮವನ್ನು 2016ರ ಆರಂಭದಲ್ಲಿ ಮೇಲ್ಮನವಿ ಕೇಳಿದ ನ್ಯಾಯಾಧೀಶರು ರದ್ದು ಮಾಡಿದರು. ಇಷ್ಟರಲ್ಲಿ ಇಲಾಖೆ ಮನೆ ಕೊಂಡುಕೊಳ್ಳುವ ಯೋಜನೆಯನ್ನೇ ಕೈಬಿಟ್ಟಿತ್ತು. ನನಗೆ ಇದು ಸರಿಯಾದ ಪಾಠ ಅನ್ನಿಸುವುದಿಲ್ಲ. ಅಲ್ಲಿ ಪ್ರಶ್ನೆ ಇದ್ದದ್ದು ವರ್ಗಾವಣೆಯ ಅಗತ್ಯವನ್ನು ಯಾರು, ಯಾವ ಕಾರಣ ಬರೆದು ಒಪ್ಪಿದರು ಎಂಬುದರಲ್ಲಿ. ಯಾವ ವರ್ಗಾವಣೆಗೆ ಎಷ್ಟು ಖರ್ಚಾಗುತ್ತದೆ ಎಂಬ ಅಂದಾಜನ್ನು ಮೊದಲೇ ಮೇಲಿನವರ ಮೇಜಿನ ಮೇಲಿಟ್ಟು ಸಹಿ ಪಡೆದಿದ್ದರೆ ಆ ಸಂಶಯಕ್ಕೆ ಎಡೆ ಇರುತ್ತಿರಲಿಲ್ಲ. ಯೋಜನೆಯನ್ನು ಮುಚ್ಚಿದ್ದರಿಂದ ತೊಂದರೆಗೆ ಸಿಕ್ಕವರು, ಬಿದ್ದ ಮಾರುಕಟ್ಟೆಯ ಊರಿನಲ್ಲಿ ಮನೆ ಮಾರಲಾಗದೆ ಕೂತ ನರ್ಸ್‌ಗಳು, ಗುಮಾಸ್ತರು.

ತೆರಿಗೆಯ ವಿಷಯ ಬಿಟ್ಟರೆ ವಿವರಣೆ ಅರ್ಧವಾಗುತ್ತದೆ. ಮನೆ ಮಾರಿದ ಖರ್ಚನ್ನು ಸರ್ಕಾರ ಮರಳಿಸಿದಾಗ ಅದು ನೌಕರನ ಆದಾಯ ಎಂದು ಅಮೆರಿಕದ ತೆರಿಗೆ ಕಾನೂನು ಎಣಿಸುತ್ತದೆ. ಅವನಿಗೆ ಒಂದು ಡಾಲರಿನ ಲಾಭವೂ ಆಗಿಲ್ಲ, ಆದರೂ ತೆರಿಗೆ. ಇದನ್ನು ಸರಿಪಡಿಸಲು 1980ರ ದಶಕದಲ್ಲಿ ಸ್ಥಳಾಂತರ ಆದಾಯ ತೆರಿಗೆ ಭತ್ಯೆ ಬಂತು. ಬಿಲ್ಲು ಪಾವತಿಸುವಾಗಲೇ ಶೇ 22ರ ಲೆಕ್ಕದಲ್ಲಿ ತೆರಿಗೆಯ ಪಾಲನ್ನು ಇಲಾಖೆ ಸೇರಿಸಿ ಕಟ್ಟುತ್ತದೆ. ಆ ಸೇರಿಸಿದ ಹಣಕ್ಕೂ ತೆರಿಗೆ ಬೀಳುವುದರಿಂದ 30,000 ಡಾಲರಿನ ಬಿಲ್ಲಿಗೆ ಹೆಚ್ಚುವರಿಯಾಗಿ ಬೇಕಾಗುವುದು 6,600 ಅಲ್ಲ, ಸುಮಾರು 8,460. ಮರುವರ್ಷ ನೌಕರನ ನಿಜವಾದ ತೆರಿಗೆ ಪ್ರಮಾಣ ಹಿಡಿದು ಮತ್ತೆ ಲೆಕ್ಕ ಹಾಕಿ ಹೆಚ್ಚುಕಡಿಮೆ ಸರಿತೂಗಿಸುತ್ತಾರೆ. ಕಂಪನಿಯೇ ಮನೆ ಕೊಂಡರೆ, ವ್ಯವಹಾರವನ್ನು ಕ್ರಮವಾಗಿ ಎರಡು ಪ್ರತ್ಯೇಕ ಮಾರಾಟಗಳಾಗಿ ನಡೆಸಿದ್ದಲ್ಲಿ, ಈ ತೆರಿಗೆ ಬರುವುದಿಲ್ಲ. ಸಾಮಾನು ಸಾಗಣೆ ಮತ್ತು ಪ್ರಯಾಣದ ಹಣಕ್ಕೆ ಮೊದಲು ತೆರಿಗೆ ಇರಲಿಲ್ಲ. 2017ರ ಡಿಸೆಂಬರಿನ ತೆರಿಗೆ ಕಾನೂನು 2018ರಿಂದ ಆ ವಿನಾಯಿತಿಯನ್ನೂ ನಿಲ್ಲಿಸಿತು, 2025ರ ಜುಲೈನ ಕಾನೂನು ಆ ನಿಲುಗಡೆಯನ್ನು ಕಾಯಂ ಮಾಡಿತು. ಸೈನಿಕರಿಗೂ ಗುಪ್ತಚರ ನೌಕರರಿಗೂ ಮಾತ್ರ ರಿಯಾಯಿತಿ. ಹೀಗಾಗಿ ಸರ್ಕಾರ ಒಂದು ಕೈಯಿಂದ ತೆರಿಗೆ ಹಾಕಿ ಇನ್ನೊಂದು ಕೈಯಿಂದ ಅದೇ ತೆರಿಗೆಗೆ ಭತ್ಯೆ ಕೊಡುತ್ತಿದೆ, ನಡುವೆ ನೌಕರನ ಕೈಗೆ ಒಂದಿಡೀ ವರ್ಷದ ಕಾಗದಪತ್ರ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1966ರಲ್ಲಿ ಈ ಕಾನೂನು ಬರೆದವರು ಮನೆ ಮಾರುವ ಕಾಗದದ ಖರ್ಚನ್ನು ಸರಿಯಾಗಿಯೇ ಎಣಿಸಿದ್ದರು. ಆದರೆ ಇಂದು ವರ್ಗವಾಗುವವನ ಅತಿ ದೊಡ್ಡ ನಷ್ಟ ಕಮಿಷನ್‌ನಲ್ಲಿಲ್ಲ, ಅವನು ಬಿಟ್ಟುಹೋಗುವ ಹಳೆಯ ಸಾಲದಲ್ಲಿದೆ. 2021ರ ಜನವರಿ ಮೊದಲ ವಾರದಲ್ಲಿ ಅಮೆರಿಕದ 30 ವರ್ಷದ ಗೃಹಸಾಲದ ಸರಾಸರಿ ಬಡ್ಡಿ ಶೇ 2.65ಕ್ಕೆ ಇಳಿದಿತ್ತು, ದಾಖಲೆಯ ಕನಿಷ್ಠ. 2023ರ ಅಕ್ಟೋಬರ್ ಕೊನೆಗೆ ಅದು ಶೇ 7.79. ಅಲ್ಲಿನ ಸಾಲದ ಬಡ್ಡಿ ಸಾಮಾನ್ಯವಾಗಿ ಕೊನೆಯವರೆಗೂ ಬದಲಾಗುವುದಿಲ್ಲ. ನಮ್ಮಲ್ಲಿನ ಹಾಗೆ ರಿಸರ್ವ್ ಬ್ಯಾಂಕು ದರ ಏರಿಸಿದರೆ ಹಳೆಯ ಸಾಲದ ಕಂತು ಏರದು. ಹಾಗಾಗಿ 2021ರಲ್ಲಿ ಸಾಲ ಮಾಡಿದವನ ಬಳಿ ಇರುವುದು 30 ವರ್ಷ ಬದಲಾಗದ ಅಗ್ಗದ ಸಾಲ. ಮನೆ ಮಾರಿದ ದಿನ ಅದು ಮುಗಿದುಹೋಗುತ್ತದೆ. 3 ಲಕ್ಷ ಡಾಲರಿನ ಸಾಲಕ್ಕೆ ಶೇ 2.65ರಲ್ಲಿ ತಿಂಗಳ ಕಂತು ಸುಮಾರು 1,209 ಡಾಲರ್, ಶೇ 7.79ರಲ್ಲಿ ಸುಮಾರು 2,158. ಅಷ್ಟೇ ಬೆಲೆಯ ಮನೆ, ಅಷ್ಟೇ ಸಾಲ, ತಿಂಗಳಿಗೆ ಸುಮಾರು 950 ಡಾಲರ್ ಹೆಚ್ಚು. ವರ್ಷಕ್ಕೆ 11,000 ದಾಟುತ್ತದೆ. ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ಸರ್ಕಾರ ಮರುಪಾವತಿಸಿದ ಕಮಿಷನ್ನನ್ನು ಮೀರಿಸುತ್ತದೆ. ನಿಯಮದ ಕಣ್ಣಿಗೆ ಇದು ಬಡ್ಡಿ, ಆದ್ದರಿಂದ ಒಂದು ಸೆಂಟೂ ಇಲ್ಲ.

ಸರ್ಕಾರ ಬಡ್ಡಿಯ ಅಂತರವನ್ನು ತುಂಬಿಕೊಡುವುದು ಎಲ್ಲಾದರೂ ಉಂಟೇ ಎಂದು ಕೇಳುವವರಿಗೆ ಅಮೆರಿಕದ ಕಾನೂನು ಪುಸ್ತಕದಲ್ಲೇ ಉತ್ತರವಿದೆ. ಹೆದ್ದಾರಿಯಂಥ ಸರ್ಕಾರಿ ಕಾಮಗಾರಿಗೆ ಮನೆ ಕಳೆದುಕೊಂಡವರಿಗಾಗಿ 1970ರಲ್ಲಿ ಬಂದ ಪುನರ್ವಸತಿ ಕಾಯ್ದೆ ಪರಿಹಾರದ ಜೊತೆಗೆ, ಹೊಸ ಮನೆಯ ಸಾಲಕ್ಕೆ ಹೆಚ್ಚಿನ ಬಡ್ಡಿ ಕೊಡಬೇಕಾಗಿ ಬಂದರೆ ಆ ಹೆಚ್ಚುವರಿಯನ್ನೂ ಸೇರಿಸುತ್ತದೆ. ಬದಲಿ ಮನೆಗೆ ಸಿಗುವ ಈ ಹೆಚ್ಚಿನ ನೆರವಿಗೆ ಒಟ್ಟು ಮಿತಿಯಿದೆ. 2012ರ ತಿದ್ದುಪಡಿ ಅದನ್ನು 31,000 ಡಾಲರಿಗೆ ಏರಿಸಿತು. ಬೆಲೆ ಕುಸಿತದ ನಷ್ಟಕ್ಕೂ ಪೂರ್ವನಿದರ್ಶನ ಇದೆ. ಅದೇ 1966ರಲ್ಲಿ, ಸೇನಾ ನೆಲೆ ಮುಚ್ಚಿದ್ದರಿಂದ ಊರಿನ ಮನೆಗಳ ಬೆಲೆ ಬಿದ್ದಾಗ ಅಲ್ಲಿನ ಸೈನಿಕರಿಗೂ ರಕ್ಷಣಾ ಇಲಾಖೆಯ ನಾಗರಿಕ ನೌಕರರಿಗೂ ನೆರವಾಗುವ ಇನ್ನೊಂದು ಕಾನೂನು ಬಂತು. 2008ರ ಗೃಹಸಾಲ ಬಿಕ್ಕಟ್ಟಿನ ಮರುವರ್ಷ ಸಂಸತ್ತು ಅದಕ್ಕೆ 55.5 ಕೋಟಿ ಡಾಲರ್ ಕೊಟ್ಟು, 2006ರ ಜುಲೈ 1ಕ್ಕೂ ಮೊದಲು ಮನೆ ಕೊಂಡಿದ್ದು ಆಮೇಲೆ ವರ್ಗವಾದ ಸೈನಿಕರಿಗೂ ತಾತ್ಕಾಲಿಕವಾಗಿ ವಿಸ್ತರಿಸಿತು.

ಬೆಲೆ ಕುಸಿತದ ವಿಷಯದಲ್ಲಿ ಸರ್ಕಾರದ ವಾದವನ್ನು ನಾನು ಒಪ್ಪಬಲ್ಲೆ. ಮನೆಯ ಬೆಲೆ ಏರಿದಾಗ ಲಾಭ ನೌಕರನೇ ಇಟ್ಟುಕೊಳ್ಳುತ್ತಾನೆ, ಇಳಿದಾಗ ನಷ್ಟವೂ ಅವನದೇ ಆಗಲಿ ಎನ್ನುವುದರಲ್ಲಿ ತರ್ಕವಿದೆ. ಬಡ್ಡಿಯ ಅಂತರಕ್ಕೆ ಈ ತರ್ಕ ಹೊಂದುವುದಿಲ್ಲ. ಅವನು ಊರು ಬಿಡದಿದ್ದರೆ ಆ ನಷ್ಟ ಹುಟ್ಟುತ್ತಲೇ ಇರಲಿಲ್ಲ. ಕಮಿಷನ್ ಹೇಗೆ ವರ್ಗಾವಣೆಯಿಂದಲೇ ಹುಟ್ಟಿತೋ ಇದೂ ಹಾಗೆಯೇ. ರಸ್ತೆಗೆ ಮನೆ ಬಿಟ್ಟುಕೊಟ್ಟ ನಾಗರಿಕನಿಗೆ ಮಿತಿಯೊಳಗೆ ಕೊಡುವುದನ್ನು, ಸರ್ಕಾರದ ಕೆಲಸಕ್ಕಾಗಿಯೇ ಮನೆ ಬಿಟ್ಟ ಸರ್ಕಾರದ ನೌಕರನಿಗೂ ಮಿತಿಯೊಳಗೆ ಕೊಡಬೇಕು. ವರ್ಗಾವಣೆ ನೌಕರನ ಆಯ್ಕೆ, ಭೂಸ್ವಾಧೀನ ಬಲವಂತ ಎಂಬ ಆಕ್ಷೇಪ ಬರಬಹುದು. ಆದರೆ ಇಲಾಖೆಯೇ ಆದೇಶಿಸಿದ ವರ್ಗಾವಣೆಯನ್ನು ನಿರಾಕರಿಸಿದವನನ್ನು ಸೇವೆಯಿಂದ ತೆಗೆಯಲು ಅಲ್ಲಿನ ನಿಯಮದಲ್ಲಿ ಅವಕಾಶವಿದೆ. ಕೆಲಸ ಬಿಡು ಇಲ್ಲವೇ ಊರು ಬಿಡು ಎಂಬಲ್ಲಿ ಆಯ್ಕೆ ಎಷ್ಟು ಉಳಿಯಿತು?

ನೌಕರರು ಈ ಲೆಕ್ಕವನ್ನು ಹಾಕುತ್ತಾರೆ ಎಂಬುದಕ್ಕೆ ಇತ್ತೀಚಿನ ಚರಿತ್ರೆ ಸಾಕ್ಷಿ. 2019ರ ಜೂನ್‌ನಲ್ಲಿ ಇದೇ ಕೃಷಿ ಇಲಾಖೆ ತನ್ನ ಎರಡು ಸಂಶೋಧನಾ ಸಂಸ್ಥೆಗಳನ್ನು ವಾಷಿಂಗ್ಟನ್‌ನಿಂದ ಕಾನ್ಸಾಸ್ ಸಿಟಿಗೆ ಕಳಿಸಲು ಹೊರಟಾಗ ಸುಮಾರು 3ರಲ್ಲಿ 2 ಪಾಲು ನೌಕರರು ಹೋಗಲು ಒಪ್ಪಲಿಲ್ಲ. ಸರ್ಕಾರಿ ಭೂಮಿಗಳನ್ನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ತನ್ನ ಪ್ರಧಾನ ಕಚೇರಿಯನ್ನು ಕೊಲೊರಾಡೊದ ಗ್ರ್ಯಾಂಡ್ ಜಂಕ್ಷನ್ ಎಂಬ ಪಟ್ಟಣಕ್ಕೆ ಒಯ್ದಾಗ ಪಶ್ಚಿಮದ ರಾಜ್ಯಗಳಿಗೆ ಹೋಗಬೇಕಿದ್ದ 328 ಮಂದಿಯಲ್ಲಿ 287 ಮಂದಿ ನಿವೃತ್ತರಾದರು ಇಲ್ಲವೇ ಬೇರೆ ಕೆಲಸ ಹಿಡಿದರು. ಹೋದವರು 41, ಅವರಲ್ಲಿ ಗ್ರ್ಯಾಂಡ್ ಜಂಕ್ಷನ್‌ಗೇ ಹೋದವರು ಮೂರು ಜನ. 2021ರ ಸೆಪ್ಟೆಂಬರಿನಲ್ಲಿ ಪ್ರಧಾನ ಕಚೇರಿಯನ್ನು ಮತ್ತೆ ವಾಷಿಂಗ್ಟನ್‌ಗೆ ತರುವ ನಿರ್ಧಾರವಾಯಿತು. ಇದಕ್ಕೆಲ್ಲ ಮನೆಯೊಂದೇ ಕಾರಣ ಎನ್ನುವುದು ತಪ್ಪಾಗುತ್ತದೆ. ಸಂಗಾತಿಯ ಕೆಲಸ, ಮಕ್ಕಳ ಶಾಲೆ, ವಯಸ್ಸಾದ ತಂದೆ ತಾಯಿ, ಇವಕ್ಕೆ ಯಾವ ನಿಯಮಾವಳಿಯೂ ಬೆಲೆ ಕಟ್ಟಲಾರದು. ಬೆಲೆ ಕಟ್ಟಬಹುದಾದದ್ದನ್ನಾದರೂ ಪೂರ್ತಿ ಕೊಡಬೇಕು ಎನ್ನುವುದಷ್ಟೇ ನನ್ನ ಆಗ್ರಹ. ಒಂದು ಕಚೇರಿಯ 287 ಜನರ ಅನುಭವ ಕಳೆದುಕೊಳ್ಳುವುದರ ಮುಂದೆ ಆ ಖರ್ಚು ದೊಡ್ಡದಲ್ಲ.

ಕಾನೂನು ಬದಲಾಗುವವರೆಗೆ, ಅಲ್ಲಿನ ಸೇವೆಯಲ್ಲಿರುವ ನಮ್ಮವರು ಇರುವ ನಿಯಮವನ್ನಾದರೂ ಎಚ್ಚರದಿಂದ ಬಳಸಿಕೊಳ್ಳಬೇಕು. ಮೊದಲ ಬಾರಿ ಸೇವೆಗೆ ಸೇರುವವರಿಗೆ ಈ ಸೌಲಭ್ಯ ಇಲ್ಲ. ಪ್ರಯಾಣ ಮತ್ತು ಸಾಮಾನು ಸಾಗಣೆಯ ಆಚೆ ಅವರು ಹೆಚ್ಚು ನಿರೀಕ್ಷಿಸುವಂತಿಲ್ಲ. ಒಳಗಿದ್ದವರೇ ಬೇರೆ ಊರಿನ ಹುದ್ದೆಗೆ ಅರ್ಜಿ ಹಾಕುವಾಗ ಸರ್ಕಾರಿ ಉದ್ಯೋಗ ಜಾಹೀರಾತಿನಲ್ಲಿ ಸ್ಥಳಾಂತರ ವೆಚ್ಚ ಮರುಪಾವತಿ ಉಂಟೇ ಇಲ್ಲವೇ ಎಂಬ ಸಾಲನ್ನು ಮೊದಲು ನೋಡಬೇಕು. ಅಲ್ಲಿ ಇಲ್ಲ ಎಂದಿದ್ದರೆ ಆಮೇಲೆ ವಾದಿಸಿ ಗೆಲ್ಲುವುದು ಕಷ್ಟ. ಉಂಟು ಎಂದಿದ್ದರೂ ಮನೆ ಮಾರಾಟದ ಖರ್ಚು, ತಾತ್ಕಾಲಿಕ ವಸತಿ, ಕಂಪನಿಯೇ ಮನೆ ಕೊಳ್ಳುವ ಸೌಲಭ್ಯ ಇವುಗಳಲ್ಲಿ ಯಾವುದು ಸೇರಿದೆ ಎಂದು ಲಿಖಿತವಾಗಿ ಕೇಳಬೇಕು, ಏಕೆಂದರೆ ಮೊದಲನೆಯದು ಕಡ್ಡಾಯ, ಉಳಿದೆರಡು ಇಲಾಖೆಯ ವಿವೇಚನೆಗೆ ಬಿಟ್ಟದ್ದು. ಅಧಿಕಾರಿ ಹೇಳಿದ್ದನ್ನು ನಿಯಮದ 11ನೇ ಭಾಗದ ಜೊತೆ ಹೋಲಿಸಿ ನೋಡಬೇಕು. ಕ್ರಯಪತ್ರದಲ್ಲಿ ಯಾರ ಯಾರ ಹೆಸರಿದೆ ಎಂದು ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವರ್ಗಾವಣೆಯ ಆದೇಶ ಕೈಗೆ ಬಂದು ಸೇವಾ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಬ್ರೋಕರ್ ಜೊತೆ ಕರಾರು ಮಾಡಿಕೊಳ್ಳಬಾರದು. ವರ್ಗಾಯಿಸುವ ಉದ್ದೇಶ ಇಲಾಖೆಗೆ ಆಗಲೇ ಸ್ಪಷ್ಟವಾಗಿ ಇತ್ತೆಂದು ತೋರಿಸಲಾಗದಿದ್ದರೆ, ಅದಕ್ಕೂ ಮುಂಚೆ ಮಾಡಿದ ಖರ್ಚನ್ನು ಯಾವ ಮಂಡಳಿಯೂ ಕೊಡಿಸಲಾರದು.